ಬೈಸಿಕಲ್ಲಿನ ಗೋತ್ರ

ನಮ್ಮ ಮಾಸ್ತರರು ಇಂಗ್ಲಿಷ್ ಶಬ್ದಗಳಿಗೆ ಗೋತ್ರ ನೋಡುತ್ತಿದ್ದರು. ಹೀಗೆಂದರೆ ಈಗಿನವರು ನಗುತ್ತಾರೆ. ನಾನೂ ನಕ್ಕವನೇ. ಆದರೆ ಆ ಗೋತ್ರದ ದೆಸೆಯಿಂದ ಒಂದು ಜೀವ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು, ಅದರಲ್ಲಿ ನನ್ನ ಪಾಲೂ ಇತ್ತು.

ನಾನು ಬನಹಟ್ಟಿಯ ನೇಕಾರರ ಮಗ. ಮ್ಯಾಟ್ರಿಕ್‌ನಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯ ಸಲವೂ ಹೋದರೆ ಸುಮ್ಮನೆ ಮಗ್ಗದ ಕುಣಿಗೆ ಇಳಿಯಬೇಕೆಂದು ಅಪ್ಪ ಖಡಾಖಂಡಿತ ಹೇಳಿ, ಜಮಖಂಡಿಯ ಒಬ್ಬ ನಿವೃತ್ತ ಮಾಸ್ತರರ ಹತ್ತಿರ ಪಾಠಕ್ಕೆ ಹಚ್ಚಿ, ಅದೇ ಓಣಿಯ ಒಂದು ಕೋಣೆಯಲ್ಲಿ ನನ್ನನ್ನು ಬಿಟ್ಟುಹೋದರು. ಆಗ ನನಗೆ ಇಪ್ಪತ್ತು ವರ್ಷ, ಮೂಗಿನ ತುದಿಯಲ್ಲಿ ಸಿಟ್ಟು.

ಮಾಸ್ತರರಿಗೆ ಎರಡು ಕೆಲಸ. ಮುಂಜಾನೆ ಓಣಿಯವರ ಲಗ್ನಕ್ಕೆ ಜಾತಕ, ಗೋತ್ರ ಹೊಂದಿಸುವುದು. ಮಧ್ಯಾಹ್ನ ನಮಗೆ ಇಂಗ್ಲಿಷ್ ಕಲಿಸುವುದು. ವರ್ಷಗಟ್ಟಲೆ ಮಾಡಿ ಮಾಡಿ ಎರಡೂ ಕೆಲಸ ಅವರ ತಲೆಯಲ್ಲಿ ಒಂದೇ ಆಗಿಹೋಗಿದ್ದವು. ಅವರ ಹತ್ತಿರ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ವಹಿ ಇತ್ತು. ಅದರಲ್ಲಿ ಶಬ್ದಗಳ ವಂಶಾವಳಿ. ‘ಪೋರ್ಟ್’ ಅಂದರೆ ಲ್ಯಾಟಿನ್‌ನಲ್ಲಿ ಹೊರುವುದು. ಆ ಮನೆತನದಲ್ಲಿ ಹುಟ್ಟಿದವರು ಎಕ್ಸ್‌ಪೋರ್ಟ್, ಇಂಪೋರ್ಟ್, ಟ್ರಾನ್ಸ್‌ಪೋರ್ಟ್. ಸ್ಟೇಶನ್ನಿನಲ್ಲಿ ಗಂಟು ಹೊರುವ ಪೋರ್ಟರ್ ಬಡವನಾದರೂ ಖಾಸಾ ತಮ್ಮ. ‘ಗ್ರಾಫ್’ ಗ್ರೀಕ್ ಮನೆತನ, ಬರೆಯುವುದು ಅವರ ವೃತ್ತಿ. ಟೆಲಿಗ್ರಾಫ್, ಫೋಟೋಗ್ರಾಫ್ ಆ ಮನೆಯವರು. ಹೀಗೆ ಕಲಿತರೆ ಒಂದು ಬೇರಿಗೆ ಇಪ್ಪತ್ತು ಶಬ್ದ ಗಂಟು ಬೀಳುತ್ತಿದ್ದವು. ಎರಡು ವರ್ಷ ತಲೆಗೆ ಹತ್ತದ್ದು ನನಗೆ ಎರಡು ತಿಂಗಳಲ್ಲಿ ಹತ್ತಿತು ಅನ್ನುವುದು ಸುಳ್ಳಲ್ಲ.

ತೊಡಕು ಇದ್ದದ್ದು ಸಂಬಂಧ ಬೆಳೆಸುವಲ್ಲಿ. ಮನುಷ್ಯರ ಲಗ್ನದಲ್ಲಿ ಸಗೋತ್ರ ಕೂಡದೆನ್ನುವ ಮಾಸ್ತರರು ಶಬ್ದಗಳಲ್ಲಿ ಮಾತ್ರ ಗೋತ್ರವೆಂದರೆ ಜಾತಿಯೆಂದೇ ಹಿಡಿದಿದ್ದರು: ಲ್ಯಾಟಿನ್ ಲ್ಯಾಟಿನ್ನಿಗೆ, ಗ್ರೀಕ್ ಗ್ರೀಕಿಗೆ. ಒಂದರ ತಲೆಗೆ ಇನ್ನೊಂದರ ಬಾಲ ಕೂಡಿದ ಶಬ್ದವನ್ನು ಮಾಸ್ತರರು ವಹಿಯೊಳಗೆ ಸೇರಿಸುತ್ತಿರಲಿಲ್ಲ, ಬಾಯಲ್ಲೂ ತರುತ್ತಿರಲಿಲ್ಲ. ಅಂಥ ಹೆಸರಿನ ವಸ್ತುವನ್ನು ಮುಟ್ಟುತ್ತಲೂ ಇರಲಿಲ್ಲ. ‘ಆಟೋಮೊಬೈಲ್’ ಅಂದರೆ ತಲೆ ಗ್ರೀಕ್, ಬಾಲ ಲ್ಯಾಟಿನ್. ಆದ್ದರಿಂದ ಜಮಖಂಡಿ ಸಂಸ್ಥಾನದ ಮೋಟಾರು ಬೀದಿಯಲ್ಲಿ ಬಂದರೆ ಅವರು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ರಾಜಮನೆತನದ ಹೆಣ್ಣುಮಕ್ಕಳಿಗೆ ಮರ್ಯಾದೆ ಕೊಡುತ್ತಾರೆಂದು ಊರವರು ತಿಳಿದಿದ್ದರು.

ಒಮ್ಮೆ ನಾನು ನಿಬಂಧದಲ್ಲಿ ಇಂಥದೇ ಒಂದು ಕಲಬೆರಕೆ ಶಬ್ದ ಬರೆದೆ. ಮಾಸ್ತರರು ನಾಲ್ಕು ಮಂದಿಯ ಮುಂದೆ ನನ್ನನ್ನು ನಿಲ್ಲಿಸಿ, ‘ಇಂವಾ ನಾಳೆ ಲಗ್ನದಾಗೂ ಹಿಂಗ ಮಾಡಾಂವಾ’ ಅಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮರುದಿನ ಅವರು ಪೂಜೆಗೆ ಕುಳಿತಿದ್ದಾಗ ಅವರದೇ ದಪ್ಪ ಡಿಕ್ಷನರಿ ತೆಗೆದು ಹುಡುಕಿದೆ. ಸಿಕ್ಕಿತು. ಮಧ್ಯಾಹ್ನ ಎಲ್ಲರೂ ಕೂಡಿದ ಮೇಲೆ ವಿನಯದಿಂದ ಕೈಕಟ್ಟಿ ಕೇಳಿದೆ.

‘ಮಾಸ್ತರ್, ನೀವು ದಿನಾ ಏರತೀರಲ್ರಿ, ಬೈಸಿಕಲ್, ಅದು ಯಾವ ಮನೆತನದ್ದರಿ? “ಬೈ” ಲ್ಯಾಟಿನ್ ಐತಿ, “ಸೈಕಲ್” ಗ್ರೀಕ್ ಐತಿ.’

ಮಾಸ್ತರರು ವಹಿ ಮುಚ್ಚಿದರು. ‘ಖರೆ ಅದ’ ಅಂದರು. ಸಂಜೆ ಬೈಸಿಕಲ್ಲನ್ನು ಒರೆಸಿ, ಪಡಸಾಲೆಯ ಮೂಲೆಗೆ ನಿಲ್ಲಿಸಿ, ಮೇಲೆ ಒಂದು ಹಳೆಯ ಧೋತರ ಹೊದಿಸಿದರು. ಮರುದಿನದಿಂದ ಊರ ಆಚೆ ತುದಿಯ ಮನೆಯೊಂದರಲ್ಲಿ ಹೇಳುತ್ತಿದ್ದ ಪಾಠಕ್ಕೆ ಬಿಸಿಲಲ್ಲಿ ನಡೆದೇ ಹೋಗತೊಡಗಿದರು. ನಾನು ಗೆದ್ದೆ ಅಂದುಕೊಂಡು ಒಳಗೊಳಗೆ ಕುಣಿದೆ.

ಅವರ ಹೆಂಡತಿಯನ್ನು ನಾವು ಕಾಕು ಅನ್ನುತ್ತಿದ್ದೆವು. ಸಾಂಗ್ಲಿ ಕಡೆಯವರು, ಅರ್ಧ ಮರಾಠಿ ಅರ್ಧ ಕನ್ನಡ. ಕಾಕು ಬೈಸಿಕಲ್ಲಿಗಾಗಿ ದುಃಖ ಪಡಲಿಲ್ಲ. ಧೋತರ ಕಿತ್ತು ಒಗೆದು, ಹ್ಯಾಂಡಲ್ಲಿನ ಮೇಲೂ ನಡುವಿನ ದಂಡಿಗೆಯ ಮೇಲೂ ಶ್ಯಾವಿಗೆ ಒಣಹಾಕಿದರು. ‘ಇಷ್ಟು ವರ್ಷಕ್ಕ ಉಪಯೋಗಕ್ಕ ಬಂತು ನೋಡು’ ಅಂದರು.

ಆ ಕಾಕುವಿಗೇ ಆ ವರ್ಷ ಹೊಟ್ಟೆನೋವು ಹತ್ತಿತು. ಬಂದಾಗ ಬಲಗಡೆ ಹಿಡಿದುಕೊಂಡು ಮಡಚಿ ಮಲಗಿಬಿಡುತ್ತಿದ್ದರು. ಎರಡನೆಯ ಸಲ ಬಂದಾಗ ಮಾಸ್ತರರು ದವಾಖಾನೆಗೆ ಓಡಲೂ ಆಗದೆ, ಬೈಸಿಕಲ್ ಏರಲೂ ಆಗದೆ, ನಡೆದೇ ಹೋಗಿ ಡಾಕ್ಟರರನ್ನು ಕರೆತಂದರು. ಡಾಕ್ಟರರು ಕೈ ತೊಳೆದುಕೊಳ್ಳುತ್ತ ಹೇಳಿದರು, ‘ಇದು ಅಪೆಂಡಿಸೈಟಿಸ್. ಇನ್ನೊಮ್ಮೆ ಬಂತಂದ್ರ ಅವತ್ತ ಮಿರಜಿಗೆ ಒಯ್ದು ಕೊಯ್ಸಬೇಕು. ತಡಾ ಮಾಡಿದ್ರ ಜೀವಕ್ಕ ಬರ್ತದ.’

ಮಾಸ್ತರರು ಆ ಶಬ್ದವನ್ನು ಮನಸ್ಸಿನಲ್ಲೇ ಬಿಡಿಸಿದರು. ಮುಖ ಗಂಭೀರವಾಯಿತು.

‘ಡಾಕ್ಟರ್ ಸಾಹೇಬ್ರ, “ಅಪೆಂಡಿಕ್ಸ್” ಲ್ಯಾಟಿನ್, “ಐಟಿಸ್” ಗ್ರೀಕ್. ಅಂಥಾ ರೋಗ ಇರ್ಲಿಕ್ಕೆ ಸಾಧ್ಯ ಇಲ್ಲ.’

‘ಸಾಧ್ಯ ಇಲ್ಲಂತ ನೀವು ಅದಕ್ಕ ಹೇಳ್ರಿ’ ಅಂದು ಡಾಕ್ಟರರು ಚೀಲ ಎತ್ತಿಕೊಂಡು ನಡೆದರು. ‘ಸರ್ಜರಿ’ ಮಾತ್ರ ಶುದ್ಧ ಗ್ರೀಕ್ ಕುಲ, ಅದಕ್ಕೆ ತಮ್ಮ ಅಡ್ಡಿಯಿಲ್ಲ ಎಂದು ಮಾಸ್ತರರು ಅವರ ಬೆನ್ನಿಗೆ ಕೂಗಿ ಹೇಳಿದರು.

ಅವತ್ತು ನನಗೆ ನಗು ಬರಲಿಲ್ಲ, ಹೆದರಿಕೆ ಬಂತು. ಮಿರಜಿಗೆ ಹೋಗಬೇಕೆಂದರೆ ಕುಡಚಿ ಸ್ಟೇಶನ್ನಿನಲ್ಲಿ ರೈಲು ಹಿಡಿಯಬೇಕು. ಕುಡಚಿಗೆ ಚಕ್ಕಡಿಯಲ್ಲಿ ಒಂದು ದಿನ. ಬೇಗ ಹೋಗಬೇಕೆಂದರೆ ಮೋಟಾರೇ ಗತಿ. ಈ ಮನುಷ್ಯ ಮೋಟಾರು ಏರುವವನಲ್ಲ.

ಮೂರನೆಯ ಸಲ ಬಂದದ್ದು ಒಂದು ಮುಂಜಾನೆ. ನಾನು ಹೋದಾಗ ಕಾಕು ಒಲೆಯ ಮುಂದೆ ಮುದ್ದೆಯಾಗಿ ಬಿದ್ದಿದ್ದರು, ಮಾಸ್ತರರು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ಕುಳಿತಿದ್ದರು. ನಾನೇ ದವಾಖಾನೆಗೆ ಓಡಿದೆ. ಪುಣ್ಯಕ್ಕೆ ಅಲ್ಲಿ ತೇರದಾಳದ ಒಬ್ಬ ಸಾಹುಕಾರರ ಮೋಟಾರು ನಿಂತಿತ್ತು. ಡಾಕ್ಟರರು ಸಾಹುಕಾರರಿಗೆ ಎರಡು ಮಾತು ಹೇಳಿದರು, ಅವರು ಮರುಮಾತಾಡದೆ ಮೋಟಾರು ಕೊಟ್ಟರು. ಹತ್ತು ನಿಮಿಷದಲ್ಲಿ ಕಾಕುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಮಾಸ್ತರರು ಬಾಗಿಲ ಹತ್ತಿರ ಬಂದು ನಿಂತುಬಿಟ್ಟರು. ಒಂದು ಕಾಲು ಮೋಟಾರಿನ ಪಾವಟಿಗೆಯ ಮೇಲೆ, ಒಂದು ಕಾಲು ಜಮಖಂಡಿಯ ಮಣ್ಣಿನ ಮೇಲೆ.

‘ಹತ್ರಿ ಮಾಸ್ತರ್’ ಅಂದೆ. ‘ಆಟೋಮೊಬೈಲ್ ಅನಬ್ಯಾಡ್ರಿ, ಮೋಟಾರ್ ಅನ್ರಿ. ಮೋಟಾರ್ ಅಂದ್ರ ಶುದ್ಧ ಲ್ಯಾಟಿನ್ ಐತ್ರಿ!’

‘ಹೆಸರು ಬದ್ಲಿ ಮಾಡಿದ್ರ ಕುಲಾ ಬದ್ಲಿ ಆಗ್ತದೇನೋ?’ ಅಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕಾಲು ಮಾತ್ರ ಏಳಲಿಲ್ಲ. ‘ನೀ ಕರ್ಕೊಂಡು ನಡಿ. ನಾ ಹಿಂದಿಂದ ನಡಕೋತ ಬರ್ತೀನಿ.’

ಮಿರಜಿಗೆ ನಡೆದು! ನನಗೆ ಅವರನ್ನು ಹಿಡಿದು ಬಡಿಯಬೇಕೆನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಕಾಕುವಿನ ದನಿ ಬಂತು. ಹಲ್ಲು ಕಚ್ಚಿಕೊಂಡು ಒಂದೊಂದೇ ಮಾತು ಆಡುತ್ತಿದ್ದರು.

‘ಅಹೋ, ಇಲ್ಲೆ ಕೇಳ್ರಿ. ಮೂವತ್ತು ವರ್ಷ ನಾ ಭಾಕರಿ ಅಂದೀನಿ, ನೀವು ರೊಟ್ಟಿ ಅಂದೀರಿ. ಇಬ್ರೂ ತಿಂದದ್ದು ಒಂದ ತಾಟಿನ್ಯಾಗಿಂದು. ಆವಾಗ ನಿಮ್ಮ ಕುಲಾ ಕೆಡ್ಲಿಲ್ಲ. ಈಗ ಹತ್ತತೀರೋ, ನಾನೂ ಇಳೀಲೋ?’

ಅಂದವರೇ ಇಳಿಯಲು ಕಾಲು ಹೊರಗೆ ಹಾಕಿದರು. ಮಾಸ್ತರರು ‘ಬ್ಯಾಡ, ಬ್ಯಾಡ’ ಎನ್ನುತ್ತ ಒಳಗೆ ಬಿದ್ದರು. ಪಗಡಿ ಹೊರಗೆ ಉರುಳಿತು. ಅದನ್ನು ಎತ್ತಿಕೊಂಡು ನಾನೂ ಹತ್ತಿದೆ. ದಾರಿಯುದ್ದಕ್ಕೂ ಕಾಕುವಿನ ತಲೆ ನನ್ನ ಹೆಗಲ ಮೇಲಿತ್ತು. ದಿನಾ ನನಗೆ ಪಡಸಾಲೆಯಲ್ಲೇ, ಮೇಲಿನಿಂದ ನೀರು ಹಾಕುತ್ತಿದ್ದ ಮನೆ ಅದು. ಅವತ್ತು ಮಡಿಯ ನೆನಪು ಯಾರಿಗೂ ಆಗಲಿಲ್ಲ. ಮಾಸ್ತರರು ಕಣ್ಣು ಮುಚ್ಚಿ ಕುಳಿತಿದ್ದರು. ತೇರದಾಳ ದಾಟಿದ ಮೇಲೆ ಒಮ್ಮೆ ಕಣ್ಣು ಬಿಟ್ಟು, ‘ಇನ್ನೂ ಜೋರ ಹೊಡೀಲಿಕ್ಕೆ ಹೇಳು’ ಅಂದರು.

ಕುಡಚಿಯಲ್ಲಿ ಅವರಿಬ್ಬರನ್ನು ರೈಲಿಗೆ ಹತ್ತಿಸಿ ನಾನು ಮರಳಿದೆ; ಮಿರಜಿನಲ್ಲಿ ಕೊಯ್ದರು. ಇನ್ನೊಂದು ತಾಸು ತಡವಾಗಿದ್ದರೆ ಕೆಟ್ಟಿತ್ತು ಅಂದರಂತೆ. ತೆಗೆದ ತುಂಡನ್ನು ಬಾಟಲಿಯಲ್ಲಿ ಹಾಕಿ ತೋರಿಸಿದಾಗ ಮಾಸ್ತರರು ಅದಕ್ಕೆ ಕೈಮುಗಿದು, ‘ನೀ ಇಲ್ಲಂತ ಅಂದಿದ್ದೆ, ತಪ್ಪಾತು’ ಅಂದರಂತೆ. ಇದನ್ನು ಹೇಳಿ ಹೇಳಿ ಕಾಕು ಹೊಲಿಗೆ ನೋಯುವಷ್ಟು ನಗುತ್ತಿದ್ದರು.

ಅವರು ಮರಳಿ ಬಂದು ಕೆಲವು ದಿನಗಳಾದ ಮೇಲೆ, ನಾವಿಬ್ಬರೇ ಇದ್ದಾಗ, ನಾನು ಮಾಸ್ತರರ ಕಾಲು ಹಿಡಿದೆ.

‘ಬೈಸಿಕಲ್ಲಿನ ಮಾತು ನಾ ಸಿಟ್ಟಿಲೆ ಆಡೇನ್ರಿ. ಅದರಿಂದ ಕಾಕುಗ ಏನರ ಆಗಿದ್ರ...’ ಅತ್ತುಬಿಟ್ಟೆ.

ಮಾಸ್ತರರು ಬೈಸಿಕಲ್ಲಿನ ಕಡೆ ನೋಡಿದರು.

‘ಅದು ನನಗ ಮೊದಲ ಗೊತ್ತಿತ್ತಲೇ. ತೊಗೊಂಡ ವರ್ಷನ ಗೊತ್ತಿತ್ತು. ಹನ್ನೊಂದು ವರ್ಷ ಗೊತ್ತಿಲ್ಲದವರಂಗ ತುಳದೀನಿ. ನೀ ನಾಕು ಮಂದಿ ಮುಂದ ಅಂದಿ, ಆವಾಗ ಇಳೀಬೇಕಾತು.’ ಮತ್ತೆ ಅಂದರು, ‘ಅಂದ್ರ ನೋಡು, ಗೋತ್ರ ಅಲ್ಲ ಏನಲ್ಲ. ನಿಮ್ಮ ನಾಕು ಹುಡುಗ್ರ ಮುಂದಿನ ಮಾನಕ್ಕ ನಾ ಆಕೀನ್ನ ಕಳಕೋತಿದ್ದೆ.’

ಆಮೇಲೆ ಕೆಂಪು ವಹಿ ತರಿಸಿ, ಕೊನೆಗೆ ಒಂದು ಹೊಸ ಹಾಳೆ ತೆರೆದು, ಮೇಲೆ ‘ಬೀಗರು’ ಎಂದು ಬರೆದರು. ಕೆಳಗೆ ನನ್ನ ಕೈಯಿಂದ ಬೈಸಿಕಲ್, ಆಟೋಮೊಬೈಲ್, ಅಪೆಂಡಿಸೈಟಿಸ್ ಬರೆಸಿದರು. ಮೊದಲನೆಯ ಸಾಲು ಖಾಲಿ ಬಿಡಲು ಹೇಳಿದ್ದರು. ಅಲ್ಲಿ ತಾವೇ ಲೇಖಣಿ ತೆಗೆದುಕೊಂಡು ‘ರೊಟ್ಟಿ, ಭಾಕರಿ’ ಎಂದು ಬರೆದು, ಮಸಿ ಆರುವವರೆಗೆ ಊದಿದರು.

ಎದ್ದು ಬೈಸಿಕಲ್ಲಿಗೆ ಕೈ ಹಾಕಿದಾಗ ಕಾಕು ಒಳಗಿನಿಂದ ಕೂಗಿದರು, ‘ಶ್ಯಾವಿಗಿ ಇನ್ನೂ ಹಸಿ ಅವ, ಮುಟ್ಟಬ್ಯಾಡ್ರಿ!’

ಮಾಸ್ತರರು ಕೈ ಹಿಂದೆ ತೆಗೆದುಕೊಂಡು, ಕೊಡೆ ಹಿಡಿದು, ಇನ್ನೆರಡು ದಿನ ನಡೆದೇ ಪಾಠಕ್ಕೆ ಹೋದರು.