ಅಸಿ ದಾಟಿ ಬಂದ ಮೊಸರನ್ನ

ಮೊನ್ನೆ ಶಾಲೆಯ ಸ್ಟಾಫ್ ರೂಮಿನಲ್ಲಿ, ಹೊಸದಾಗಿ ಸೇರಿದ ಗಣಿತದ ಮೇಡಂ ಊಟದ ಡಬ್ಬಿಯ ಮುಚ್ಚಳ ತೆಗೆದರು. ಮೊಸರನ್ನ, ಅದರ ಮಗ್ಗುಲಿಗೆ ಎಣ್ಣೆಯಲ್ಲಿ ಕರಿದ ಬಾಳಕದ ಮೆಣಸಿನಕಾಯಿ. ಬನಾರಸಿನಲ್ಲಿ ಈ ವಾಸನೆ ಸುಲಭಕ್ಕೆ ಸಿಗುವಂಥದ್ದಲ್ಲ. ಅವರು ತಮಿಳುನಾಡಿನವರು, ಬಾಳಕ ಊರಿನಿಂದ ತಾಯಿ ಕಳಿಸಿದ್ದಂತೆ. ಒಂದು ಮೆಣಸಿನಕಾಯಿ ನನಗೂ ಕೊಟ್ಟರು. ಬಲಗೈಯಲ್ಲಿ ಹಿಡಿದುಕೊಂಡೆ. ಬಿಸಿಯಿತ್ತೋ ತಣ್ಣಗಿತ್ತೋ ತಿಳಿಯಲಿಲ್ಲ. ನನ್ನ ಬಲಗೈಗೆ ಅದು ತಿಳಿಯುವುದು ನಿಂತು ವರ್ಷಗಳೇ ಆದವು. ವಾಸನೆ ಮಾತ್ರ ಎದುರುಮನೆಯ ಅಜ್ಜಿಯ ಅಡುಗೆಮನೆಗೆ ನೆಟ್ಟಗೆ ಕರೆದುಕೊಂಡು ಹೋಯಿತು.

ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಅಪ್ಪ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುವವರು. ಗಲ್ಲಿ ಎಷ್ಟು ಕಿರಿದೆಂದರೆ ಅಜ್ಜಿ ತಮ್ಮ ಕಿಟಕಿಯಲ್ಲಿ ಕೆಮ್ಮಿದರೆ ನಮ್ಮಮ್ಮ ಕಷಾಯಕ್ಕೆ ನೀರಿಡುತ್ತಿದ್ದಳು. ಅಜ್ಜಿ ತುಮಕೂರಿನ ಕಡೆಯವರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಸಾಯುವುದಕ್ಕೆಂದೇ ಕಾಶಿಗೆ ಬಂದವರು. ಹಾಗೆ ಬಂದವರು ನಮ್ಮ ಗಲ್ಲಿಯಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅಜ್ಜಿ ಸಂಕಲ್ಪವನ್ನೂ ಮಾಡಿದ್ದರು, ಅಪ್ಪನೇ ಮಾಡಿಸಿದ್ದು: ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ, ಈ ಎರಡು ನದಿಗಳನ್ನು ಇನ್ನು ದಾಟುವುದಿಲ್ಲ ಎಂದು. ಎರಡರ ನಡುವೆ ಪ್ರಾಣ ಹೋದರೆ ಮತ್ತೆ ಹುಟ್ಟಿಲ್ಲ. ಹೊರಗೆ ಹೋದರೆ ಆ ಮಾತಿಲ್ಲ. ಅದಕ್ಕಾಗಿ ತಮ್ಮನ ಮಗಳ ಮದುವೆಗೂ ಹೋಗಲಿಲ್ಲ. ಕಣ್ಣಿಗೆ ಪೊರೆ ಬಂದಾಗ, ಅಪ್ಪನಿಗೆ ಗುರುತಿದ್ದ ಡಾಕ್ಟರು ಇದ್ದದ್ದು ಲಂಕಾ ಎನ್ನುವ ಬಡಾವಣೆಯಲ್ಲಿ. ಅದು ಅಸಿಯ ಆಚೆ. "ಒಂದು ಕಣ್ಣು ಸಾಕು ಬಿಡಿ, ವಿಶ್ವನಾಥ ಇರೋದೂ ಒಬ್ಬನೇ" ಎಂದುಬಿಟ್ಟರು.

ನಾನಾಗ ಕಾಲೇಜಿನಲ್ಲಿ ಜಾವೆಲಿನ್ ಎಸೆಯುತ್ತಿದ್ದೆ. ಮೈದಾನವೂ ಲಂಕಾದ ಕಡೆಯೇ. ಬೆಳಿಗ್ಗೆ ಹೋಗಿ ಬಿಸಿಲೇರುವ ಹೊತ್ತಿಗೆ ವಾಪಸಾಗುತ್ತಿದ್ದೆ. ಅಜ್ಜಿಗೆ ಇದೇ ಒಂದು ಚಿಂತೆ.

"ದಿನಾ ಕಾಶಿ ಬಿಟ್ಟು ಹೋಗ್ತೀಯಲ್ಲೇ, ಆಚೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನೇ ಗತಿ?"

"ಅಜ್ಜಿ, ಮೊದ್ಲು ತಿನ್ನೋಕೆ ಏನಾದ್ರೂ ಕೊಡಿ. ಜೋರು ಭೂಖ್ ಆಗಿದೆ."

"ಭೂಖ್ ಆಗಲ್ಲ ಕಣೇ ಭರ್ಜಿ, ಹಸಿವಾಗತ್ತೆ. ದೂರ ನಿಂತ್ಕೋ, ಮಡೀಲಿದೀನಿ."

ಭರ್ಜಿ ಎನ್ನುವುದು ಅವರು ನನಗಿಟ್ಟ ಹೆಸರು. ನನ್ನ ಕನ್ನಡವನ್ನು ಕಿವಿ ಹಿಂಡಿ ತಿದ್ದಿದವರು ಅವರೇ. ಇಷ್ಟು ಬರೆಯಲು ಬರುತ್ತಿರುವುದೂ ಅವರಿಂದಲೇ. ಕಿವಿ ಹಿಂಡಿ ಎಂದೆ, ಆದರೆ ಅಜ್ಜಿ ಒಮ್ಮೆಯೂ ನನ್ನನ್ನು ಮುಟ್ಟಿದವರಲ್ಲ. ಸ್ನಾನ ಮಾಡಿ ಮಡಿಯುಟ್ಟು ಅಡುಗೆಮನೆ ಸೇರಿ, ಯಾರಾದರೂ ಬಂದು ತಗುಲಿಬಿಟ್ಟಾರೆಂದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ನನ್ನ ಪಾಲನ್ನು ಆಮೇಲೆ ದೊನ್ನೆಯಲ್ಲಿ ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುವರು, ನಾನು ಮುಂದೆ ಹೋಗಿ ಎತ್ತಿಕೊಳ್ಳಬೇಕು. ಮೃಗಾಲಯದಲ್ಲಿ ಕರಡಿಗೆ ಹಾಕಿದ ಹಾಗೆ ಎಂದು ಅಮ್ಮ ನಗುತ್ತಿದ್ದಳು.

ಆ ದಿನ ಮೈದಾನದಿಂದ ಬಂದು ಗಲ್ಲಿಗೆ ತಿರುಗುವಾಗಲೇ ಕಮಟು ವಾಸನೆ. ಅಜ್ಜಿಯ ಕಿಟಕಿಯಿಂದ ಕಪ್ಪು ಹೊಗೆ. ಬಾಳಕ ಕರಿಯಲು ಇಟ್ಟ ಎಣ್ಣೆ ಹೊತ್ತಿಕೊಂಡಿತ್ತಂತೆ. ಅಜ್ಜಿ ಗಾಬರಿಯಲ್ಲಿ ಪಕ್ಕದ ತಾಮ್ರದ ಬಿಂದಿಗೆಯಿಂದ ಗಂಗಾಜಲ ಸುರಿದಿದ್ದರು. ಗಂಗೆ ಎಂಥದ್ದನ್ನೂ ತಣಿಸುತ್ತಾಳೆ ಎಂದು ನಂಬಿದ್ದ ಜೀವ. ಉರಿಯುವ ಎಣ್ಣೆಗೆ ಗಂಗೆಯೂ ಒಂದೇ, ನಲ್ಲಿ ನೀರೂ ಒಂದೇ. ಉರಿ ಭಗ್ಗೆಂದು ಎದ್ದು, ಮೇಲೆ ಹಗ್ಗದಲ್ಲಿ ಹರವಿದ್ದ ಮಡಿಬಟ್ಟೆಗಳಿಗೆ ಹತ್ತಿತ್ತು.

ನಾನು ಅಡುಗೆಮನೆಯ ಬಾಗಿಲಿಗೆ ಭುಜ ಕೊಟ್ಟೆ. ಒಳಗಿನಿಂದ ಕೆಮ್ಮು, ಕೆಮ್ಮಿನ ನಡುವೆ ಕೂಗು: "ಬರಬೇಡ್ವೇ, ಮಡೀಲಿದೀನಿ!"

ಬಾಗಿಲು ಹಳೆಯದು, ಚಿಲಕ ಕಿತ್ತು ಬಂತು. ಅಜ್ಜಿಯನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡು ಹೊರಗೆ ತಂದು, ಓಡಿ ಬಂದಿದ್ದ ಅಮ್ಮನ ಮಡಿಲಿಗೆ ಹಾಕಿದೆ. ನಾನು ಅವರನ್ನು ಮುಟ್ಟಿದ್ದು ಅದೇ ಮೊದಲು. ಒಗೆದ ಬಟ್ಟೆಯ ಮೂಟೆಯಷ್ಟೂ ಭಾರವಿರಲಿಲ್ಲ. ತಿರುಗಿ ನೋಡಿದರೆ ಉರಿ ಗ್ಯಾಸಿನ ಪೈಪಿನ ಹತ್ತಿರ ಬಂದಿತ್ತು. ಮತ್ತೆ ಒಳಗೆ ಹೋದೆ. ಬಾಣಲೆಯ ಮೇಲೆ ಒಂದು ತಟ್ಟೆ ಮುಚ್ಚಿದ್ದರೆ ಸಾಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ನನಗೆ ಎಸೆಯುವುದೊಂದೇ ಗೊತ್ತಿತ್ತು. ಬಾಣಲೆಯನ್ನು ಬಲಗೈಯಲ್ಲಿ ಎತ್ತಿ ಒಳಂಗಳಕ್ಕೆ ಎಸೆದೆ. ಎಣ್ಣೆ ಕೈಮೇಲೆ ಹರಿಯಿತು. ಎಡಗೈಯಲ್ಲಿ ಗ್ಯಾಸ್ ಆರಿಸಿದ್ದು ನೆನಪಿದೆ, ಅಕ್ಕಪಕ್ಕದವರು ಒದ್ದೆ ಗೋಣಿಚೀಲ ಹೊತ್ತು ಬಂದದ್ದು ನೆನಪಿದೆ... ಆಮೇಲಿನದು ನೆನಪಿಲ್ಲ.

ನನ್ನನ್ನು ಸೇರಿಸಿದ್ದು ಲಂಕಾದ ಆಸ್ಪತ್ರೆಗೆ. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಬೆರಳು ಮಡಚುತ್ತವೆ, ಆದರೆ ಬಿಗಿ ಹಿಡಿತ ಬರುವುದಿಲ್ಲ, ಸ್ಪರ್ಶವೂ ಹೆಚ್ಚು ಉಳಿಯುವುದಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು. ಜಾವೆಲಿನ್ ಮುಗಿಯಿತು ಎಂದು ಅರ್ಥ. ಅಪ್ಪ ಗೋಡೆ ನೋಡಿದರು, ನಾನೂ ಗೋಡೆ ನೋಡಿದೆ. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಊಟ ಮಾತ್ರ ಒಳಗೆ ಹೋಗುವುದು ನಿಂತಿತು. ಅಮ್ಮ ತುತ್ತು ಹಿಡಿದು ಕೂತರೆ ನಾನು ಬಾಯಿ ತೆರೆಯುವುದನ್ನೇ ಮರೆತವಳ ಹಾಗೆ ಕೂರುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಕ್ಯಾರಿಯರ್. ಹಿಂದೆ ಅಮ್ಮ, ಮುಖ ಬಿಳಿಚಿಕೊಂಡು.

ದಾರಿಯಲ್ಲಿ ನಡೆದದ್ದನ್ನು ಅಮ್ಮ ಆಮೇಲೆ ಹೇಳಿದಳು. ಅಸಿಯ ಹತ್ತಿರ ಬಂದಾಗ ಅಜ್ಜಿ ಟೋಟೋ ರಿಕ್ಷಾ ನಿಲ್ಲಿಸಿದರಂತೆ. ಕೆಳಗಿಳಿದು, ಕಾಣುವ ಒಂದು ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರಂತೆ. ಇಷ್ಟು ವರ್ಷ ದಾಟದೆ ಕಾಪಾಡಿಕೊಂಡು ಬಂದದ್ದನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಪ್ಲಾಸ್ಟಿಕ್ಕು, ಕೆಸರು, ಕರಿನೀರು.

"ಇದೇನೇ ಅಸಿ?"

"ಹೌದು ಅಜ್ಜಿ, ಇದೇ."

"ನಾನೆಲ್ಲೋ ಹೊಳೆ ಅಂದ್ಕೊಂಡಿದ್ದೆ." ಮೂಗಿಗೆ ಸೆರಗು ಹಿಡಿದು ಮತ್ತೆ ಹತ್ತಿ ಕೂತರಂತೆ. "ನಡಿ ಅನ್ನು ಅವನಿಗೆ. ಅನ್ನ ಆರಿಹೋಗತ್ತೆ."

ವಾರ್ಡಿನಲ್ಲಿ ಅಮ್ಮ ತಡೆಯಲಾರದೆ, "ಅಜ್ಜಿ, ನಿಮ್ಮ ಸಂಕಲ್ಪ..." ಎಂದಳು. ಅಜ್ಜಿ ಮೊಸರನ್ನ ಕಲಸುತ್ತಿದ್ದರು. "ಮೊದ್ಲು ಇದು ಅವಳ ಬಾಯಿಗೆ ಹೋಗ್ಲಿ. ವಿಶ್ವನಾಥನ ಹತ್ರ ನಾನು ಮಾತಾಡ್ಕೋತೀನಿ" ಎಂದರು. ಹಾಸಿಗೆಯ ಮೇಲೆ, ನನಗೆ ತಗುಲಿಕೊಂಡೇ ಕೂತರು. ಎಡಗೈಯಲ್ಲಿ ನನ್ನ ಗಲ್ಲ ಹಿಡಿದು ತುತ್ತಿಟ್ಟರು. "ಹೂಂ, ಬಾಯಿ ತೆಗಿ ಭರ್ಜಿ." ನಾನು ತೆಗೆದೆ.

ಆಮೇಲೆ ಅಜ್ಜಿ ದಿನಾ ಬಂದರು. ಪ್ರಾಯಶ್ಚಿತ್ತ ಮಾಡಿಸಿ ಮತ್ತೆ ಸಂಕಲ್ಪ ತೆಗೆದುಕೊಳ್ಳಬಹುದು ಎಂದು ಅಪ್ಪ ಹೇಳಿದ್ದಕ್ಕೆ, ಹುಡುಗಿ ಮನೆಗೆ ಬರಲಿ, ನೋಡೋಣ ಎಂದರಂತೆ.

ನಾನು ಮನೆಗೆ ಹೋಗುವ ಮುಂಚೆಯೇ ಒಂದು ದಿನ ಅಜ್ಜಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಒಳಗೆ ಬಿಡುವ ಹೊತ್ತಿಗೆ ಕಾಯುತ್ತಾ ಕೂತವರು ಏಳಲಿಲ್ಲ. ತೂಕಡಿಸುತ್ತಿದ್ದಾರೆ ಎಂದುಕೊಂಡಳಂತೆ ಅಮ್ಮ. ಕ್ಯಾರಿಯರ್ ತೊಡೆಯ ಮೇಲೇ ಇತ್ತು. ಡಾಕ್ಟರು ಓಡಿ ಬಂದರು, ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅಮ್ಮ ಒಳಗೆ ಬಂದು ಹೇಳಿದಳು. ನಾನು ಕೇಳಿಸಿಕೊಂಡೆ. ನನಗೆ ಏನೂ ಅನ್ನಿಸಲಿಲ್ಲ.

"ಡಬ್ಬಿ ಎಲ್ಲಿ?" ಎಂದೆ.

ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿ, ಕ್ಯಾರಿಯರ್ ತಂದು ತೆರೆದು ಅಳುತ್ತಲೇ ತಿನ್ನಿಸಿದಳು. ನಾನು ಕೊನೆಯ ಅಗುಳಿನವರೆಗೂ ಉಂಡೆ.

ದೇಹವನ್ನು ಹಿಂದಕ್ಕೆ ತಂದರು, ಘಾಟಿನಲ್ಲೇ ಎಲ್ಲ ನಡೆಯಿತು. ಇಷ್ಟು ವರ್ಷದ ಕಾಶೀವಾಸ ಕೊನೆಗೆ ನಾಲೆಯ ಆಚೆ ಹೋಯಿತಲ್ಲ ಎಂದು ಗಲ್ಲಿಯವರು ಲೊಚಗುಟ್ಟಿದರು. ಪಂಚಕ್ರೋಶಿ ಯಾತ್ರೆಯ ಸುತ್ತುದಾರಿ ಅಸಿಯ ಆಚೆಗೂ ಹೋಗುತ್ತದೆ, ಅದರ ಒಳಗಿರುವುದೆಲ್ಲ ಕಾಶಿಯೇ ಎಂದು ಅಪ್ಪ ಜೋರಾಗಿಯೇ ಹೇಳಿದರು. ಮನೆಯೊಳಗೆ ಅಮ್ಮ ಅದನ್ನೇ ಮತ್ತೆ ಕೇಳಿದಾಗ ಎದ್ದು ಹೊರಗೆ ಹೋದರಂತೆ. ಅಮ್ಮ ಗಾಡಿಯಲ್ಲಿ ಅಜ್ಜಿಯ ತಲೆಯ ಬಳಿ ಕೂತು ಬಂದಿದ್ದಳು. ಅಸಿ ದಾಟಿದೊಡನೆ ಕಿವಿಯ ಹತ್ತಿರ ಬಗ್ಗಿ, "ಅಜ್ಜಿ, ಕಾಶಿ ಬಂತು" ಎಂದಳಂತೆ. ಅಷ್ಟು ಮಾತ್ರ ಮಾಡಲು ಸಾಧ್ಯವಾಯಿತು ಎಂದಳು.

ಈಗ ಎದುರುಮನೆಯಲ್ಲಿ ಲಾಡ್ಜಿನವರು ಕೋಣೆಗಳನ್ನು ಮಾಡಿದ್ದಾರೆ. ನಾನು ಲಂಕಾದ ಆಚೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ, ಎಡಗೈಯಲ್ಲಿ ತೋರಿಸಿಕೊಡುತ್ತೇನೆ. ಮೊನ್ನೆ ಆ ಮೆಣಸಿನಕಾಯಿ ತಿಂದೆ. ಹೇಗಿದೆ ಎಂದು ಮೇಡಂ ಕೇಳಿದರು, ಚೆನ್ನಾಗಿದೆ ಎಂದೆ. ಅವರ ಅಜ್ಜಿಯೂ ಹೀಗೇ ಮಾಡುತ್ತಿದ್ದರಂತೆ, ಅದನ್ನೇ ಬಹಳ ಹೊತ್ತು ಹೇಳಿದರು.

ಸಂಜೆ ಟೋಟೋದಲ್ಲಿ ಅಸಿ ದಾಟುವಾಗ ಎಲ್ಲರೂ ಮೂಗಿಗೆ ಬಟ್ಟೆ ಹಿಡಿದರು. ನನಗಾಗಿ ಅಜ್ಜಿ ಕಳೆದುಕೊಂಡದ್ದು ಅವರಿಗೆ ಎಲ್ಲಾದರೂ ವಾಪಸು ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ನಂಬಿಕೆ ಇದೆಯೇ ಎಂದು ಕೇಳಿದರೆ ಅದೂ ಗೊತ್ತಿಲ್ಲ. ದಿನಾ ಈಚೆ ಬಂದ ಕೂಡಲೇ ಹೇಳುವ ಮಾತನ್ನು ಮಾತ್ರ ಆ ಸಂಜೆಯೂ ಬಾಯೊಳಗೇ ಹೇಳಿದೆ.

ಅಜ್ಜಿ, ಕಾಶಿ ಬಂತು.