ನಲ್ಲಿ ಪಕ್ಕದ ಚಾರ್ಟು

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿಟ್ಟು, ಬಾಗಲಗುಂಟೆಯ ನಮ್ಮ ವಠಾರದ ನಲ್ಲಿಯ ಹತ್ತಿರ ಹೋದೆ. ಕೊಡಗಳು ರಾತ್ರಿಯಿಂದಲೇ ಸಾಲಾಗಿ ಕೂತಿದ್ದವು. ನಮ್ಮಲ್ಲಿ ಕ್ಯೂ ನಿಲ್ಲುತ್ತಿದ್ದದ್ದು ಕೊಡಗಳು, ಹೆಂಗಸರಲ್ಲ. ಪಕ್ಕದ ಮನೆಯಾಕೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವವಳು. ನೀರು ಬರುವ ಮೊದಲೇ ಫಸ್ಟ್ ಶಿಫ್ಟಿಗೆ ಹೊರಟುಬಿಡುತ್ತಿದ್ದಳು. ಅವಳ ಕೊಡಗಳ ಸರದಿ ಬಂದಾಗ ಹತ್ತಿರವಿದ್ದವರು ತುಂಬಿಸಿ, ಹಾಸಿಗೆ ಹಿಡಿದಿದ್ದ ಅವಳ ಅತ್ತೆಯ ಮಂಚದ ಬಳಿ ಇಟ್ಟು ಬರುತ್ತಿದ್ದೆವು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ಯಾರೂ ಹೇಳಿಕೊಡದಿದ್ದದ್ದೇ ತಪ್ಪಾಯಿತು. ನಮ್ಮವರು ಆ ವಾರ ಕಂಪನಿಯ ಟ್ರೈನಿಂಗ್ ಮುಗಿಸಿ ಬಂದಿದ್ದರು. ಗೋಜಲು ಸಮಸ್ಯೆಗೆ ಕೈಹಾಕುವ ಮುನ್ನ ಅದರಲ್ಲಿ ಸಿಕ್ಕವರೆಲ್ಲರ ಮಾತು ಕೇಳಬೇಕು, ಒಂದೇ ವಿಷಯ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ ಕಾಣುತ್ತದೆ, ಅದನ್ನೆಲ್ಲ ಒಂದು ದೊಡ್ಡ ಚಿತ್ರದಲ್ಲಿ ಬರೆಯಬೇಕು ಎಂದು ಅಲ್ಲಿ ಕಲಿಸಿದ್ದರಂತೆ. ಒಳ್ಳೆಯ ಮಾತೇ. ನಮ್ಮ ಕಾನ್ವೆಂಟಿನ ಸಿಸ್ಟರುಗಳೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ನಲ್ಲಿಯ ಸಾಲನ್ನು ಸರಿಪಡಿಸಲು ಹೊರಟ ನಮ್ಮವರು ಎಲ್ಲರನ್ನೂ ಕೇಳಿದರು: ವಠಾರದ ಮಾಲೀಕರು, ಎದುರುಮನೆಯ ರಿಟೈರ್ಡ್ ಮೇಷ್ಟ್ರು, ಮೂಲೆ ಅಂಗಡಿಯವರು. ಜನ್ಮದಲ್ಲಿ ಒಂದು ಕೊಡ ಎತ್ತಿದವರಲ್ಲ. ನಾನು ಬಾಯಿ ತೆರೆದಾಗ, "ಸ್ವಲ್ಪ ಇರು, ಇದು ಸ್ಟಡಿ," ಎಂದರು. ಸ್ಟಡಿಗೆ ಕಾಫಿ ಮಾಡಿ ತಂದೆ.

ಹಿಂದಿನ ರಾತ್ರಿ ಚಾರ್ಟು ನಲ್ಲಿ ಪಕ್ಕದ ಗೋಡೆಗೇರಿತು. ಬಣ್ಣದ ಪೆನ್ಸಿಲಿನಲ್ಲಿ ನಲ್ಲಿ, ಕೊಡಗಳು, ಬಾಣದ ಗುರುತುಗಳು, ಮೀಸೆ ಸಮೇತ ಮಾಲೀಕರು. ಕೆಳಗೆ ಹೊಸ ನಿಯಮ: ಕೊಡದ ಹಿಂದೆ ಆ ಮನೆಯವರು ನಿಂತಿರಬೇಕು, ಇಲ್ಲದಿದ್ದರೆ ಸರದಿ ಇಲ್ಲ.

ಆ ಬೆಳಿಗ್ಗೆ ಅವರೇ ನಿಂತು ಜಾರಿ ಮಾಡಿದರು. ಪಕ್ಕದ ಮನೆಯ ಕೊಡಗಳನ್ನು ಬಹಳ ಮರ್ಯಾದೆಯಿಂದ ಎತ್ತಿ ಅತ್ತ ಇಟ್ಟರು. ನನ್ನದು ತುಂಬಿದ ಮೇಲೆ ಅವಕ್ಕೂ ಹಿಡಿಯೋಣವೆಂದು ನೋಡುವಷ್ಟರಲ್ಲಿ ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು ನಿಂತಿತು. ನಮ್ಮದೇ ಒಂದು ಕೊಡ ಆ ಮುದುಕಿಗೆ ಕೊಟ್ಟು ಬಂದೆ. ಕುಡಿಯುವುದಕ್ಕೆ ಆಯಿತು, ಮೈ ಒರೆಸಲು, ಹಾಸಿಗೆ ಬಟ್ಟೆ ಹಿಂಡಲು ಇಲ್ಲ. ನಮ್ಮವರು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ನೀರು ಏಕೆ ಕಡಿಮೆ ಎಂದು ನನ್ನನ್ನೇ ಕೇಳಿದರು. ನಮ್ಮ ಕೊಡದಿಂದ ಆ ಮಂಚಕ್ಕೆ ಹೋದ ಬಾಣ ಚಾರ್ಟಿನಲ್ಲಿರಲಿಲ್ಲ.

ಸಂಜೆ ಓವರ್‌ಟೈಮ್ ಮುಗಿಸಿ ಪಕ್ಕದ ಮನೆಯಾಕೆ ಬಂದಳು. ಒಳಗೆ ಅತ್ತೆಯನ್ನು ನೋಡಿ, ಹೊರಗೆ ಬಂದು, ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಚಾರ್ಟಿನ ಮುಂದೆ ನಿಂತಳು. ನಮ್ಮವರು ಉತ್ಸಾಹದಿಂದ ಒಂದೊಂದೇ ಬಾಣ ವಿವರಿಸಿದರು. ಅವಳು ಪೂರ್ತಿ ಕೇಳಿದಳು. ಆಮೇಲೆ ಒಂದು ಕೊಡ ನೀರು ಕೇಳಲು ಹಾಲಿನಂಗಡಿಗೆ ಹೋಗುತ್ತಾ ನನ್ನ ಕಡೆ ತಿರುಗಿ ಅಂದಳು:

"ಕೊಡ ಎಲ್ಲಾ ಚೆಂದಾಗಿ ಬರ್ದವ್ರೆ ಕಣಕ್ಕ. ಎತ್ತೋರು ಒಬ್ರೂ ಇಲ್ವಲ್ಲ?"