ಗೇಣು ಗಿಡ್ಡ ಬೆಂಚು

ನಮ್ಮ ಗುಡಿಯಲ್ಲಿ ಹೆಂಗಸರ ಕಡೆಯ ಬೆಂಚುಗಳು ಗಂಡಸರ ಬೆಂಚಿಗಿಂತ ಒಂದು ಗೇಣು ಗಿಡ್ಡ. ಗುಡಿಯ ಚರಿತ್ರೆ ಬರೆದುಕೊಳ್ಳಲು ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಮೊನ್ನೆ ಬಂದವರು ಕೇಳಲೂ ಇಲ್ಲ, ಮಕ್ಕಳಿಗಾಗಿ ಮಾಡಿಸಿದ್ದು ಎಂದು ತಾವೇ ತೀರ್ಮಾನಿಸಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬರುವ ಅಕ್ಷರ ಇಷ್ಟಕ್ಕೆ ಸಾಕು.

ಆಂಗ್ಲಿಕನ್ ಸಭೆ ಎಂದು ಈಗ ಬೋರ್ಡು ಹಾಕಿದ್ದಾರೆ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ ಅದು ಎಲ್ಲರಿಗೂ ಇಂಗ್ಲಿಷ್ ಗುಡಿ. ಗುಡಿ ಎಂದರೆ ಮಣ್ಣಿನ ಗೋಡೆ, ನಾಡಹಂಚು, ಶನಿವಾರ ಸೆಗಣಿ ಸಾರಿಸಿದ ನೆಲ. ನಾನು ಸೊಸೆಯಾಗಿ ಬಂದಾಗ ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದೆವು. ದೊಡ್ಡ ಯುದ್ಧ ಶುರುವಾಗುವ ಮುಂಚೆ ಬಿಳಿ ಪಾದ್ರಿ ಗಾಡಿಯಲ್ಲಿ ಎರಡೂ ಕಡೆಗೆ ಬೆಂಚು ತಂದಿಳಿಸಿದರು. ಗಂಡಸರು ಕೂತರು. ಹೆಂಗಸರು ನೆಲ ಬಿಡಲಿಲ್ಲ. ಮಾವ, ಭಾವ ಕೂತ ಎತ್ತರದಲ್ಲಿ ಮನೆಯ ಹೆಣ್ಣು ಕೂರುವುದುಂಟೇ? ಯೇಸುವಿನ ಹೆಸರು ಹಿಡಿದಿದ್ದೆವು ನಿಜ, ಹಾಗೆಂದು ಮನೆಯ ರೀತಿ ಬಿಟ್ಟಿರಲಿಲ್ಲ.

"ದೇವರ ಮುಂದೆ ಎಲ್ಲರೂ ಸಮ" ಎಂದರು ಪಾದ್ರಿ.

"ದೇವರ ಮುಂದೆ ಸಮಾನೇ ಸ್ವಾಮಿ, ನನ್ನ ಮುಂದೆ ಅಲ್ಲ" ಎಂದರು ಯೋಸೇಫಪ್ಪ. ನನ್ನ ಮಾವನ ಅಣ್ಣ, ನನಗೆ ದೊಡ್ಡಮಾವ.

ಆಮೇಲೆ ನನ್ನ ಅತ್ತೆಯ ಮೊಣಕಾಲು ಹೋದವು. ನೆಲದಲ್ಲಿ ಕೂರಲಾರಳು, ಬೆಂಚಿನ ಮೇಲೆ ಕೂರಳು. ಗುಡಿಗೆ ಬರುವುದೇ ನಿಂತಿತು. ಪಾದ್ರಿ ಗುಡಿಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿಯನ್ನು, ಹಾಸಿಗೆ ಹಿಡಿದವರಿಗೆ ಒಯ್ಯುವಂತೆ, ಮನೆಗೇ ತಂದರೆ, "ನಾನೇನು ಸಾಯಾಕೆ ಮಲಗೀನಾ? ಗುಡಿಗೆ ಬಂದೇ ತಗಂತೀನಿ" ಎಂದು ಬಾಗಿಲಿನಿಂದಲೇ ಕಳಿಸಿದಳು. ಕಳಿಸಿ, ಒಳಗೆ ಹೋಗಿ ಅತ್ತಳು. ವಾರವೆಲ್ಲ ಕೂಲಿ, ಒಲೆ. ಅವಳದು ಅಂತ ಇದ್ದದ್ದು ಭಾನುವಾರ ಒಂದೇ.

ಗುಡಿಗೂ ನಷ್ಟವಾಯಿತು. ಕೀರ್ತನೆ ಎತ್ತುತ್ತಿದ್ದವಳು ಅವಳು. ದೊಡ್ಡಮಾವ ಎತ್ತಿದರೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಿದ್ದೆವು. ಒಂದು ಸುಗ್ಗಿ ಪೂರ್ತಿ ಹೀಗೆ ಅರಚಿದ ಮೇಲೆ, ಒಂದು ಶನಿವಾರ ನಾನು ನೆಲ ಸಾರಿಸುತ್ತಿದ್ದಾಗ ದೊಡ್ಡಮಾವ ಗರಗಸ ಹಿಡಿದು ಬಂದರು. ಹೆಂಗಸರ ಬೆಂಚುಗಳ ಕಾಲನ್ನೆಲ್ಲ ಒಂದೊಂದು ಗೇಣು ಕೊಯ್ದರು. ಸಂಜೆ ನಮ್ಮ ಬಾಗಿಲಿಗೆ ಬಂದರು. ಭಾವನಾದವನು ತಮ್ಮನ ಹೆಂಡತಿಯೊಡನೆ ನೇರ ಮಾತಾಡುವಂತಿರಲಿಲ್ಲ. ಅತ್ತೆ ಕದದ ಹಿಂದೆಯೇ ನಿಂತಿದ್ದಳು; ಅವರು ನನಗೆ ಹೇಳಿದರು.

"ನಿಮ್ಮತ್ತೆಗೆ ಹೇಳವ್ವಾ, ಬೆಂಚು ಗಿಡ್ಡ ಆಗೈತೆ. ನಾಳೆ ಬರಾಕೆ ಹೇಳು."

"ನಿಮ್ಮ ದೊಡ್ಡಮಾವಗೆ ಹೇಳು," ಕದದ ಹಿಂದಿನಿಂದ ಬಂತು, "ಅವರು ಬಾಯಿ ಮುಚ್ಕಂಡು ಕೂರಾದಾದ್ರೆ ಬರ್ತೀನಿ."

ಮರುದಿನ ಅವರು ಬಾಯಿ ಮುಚ್ಚಿಕೊಂಡೇ ಕೂತರು. ಅತ್ತೆ ಕೀರ್ತನೆ ಎತ್ತಿದಳು. ಪಾದ್ರಿ ಒಳ್ಳೆಯ ಮರ ಹಾಳಾಯಿತೆಂದು ಗೊಣಗಿದರು, ಆದರೂ ಅವಳು ಎದ್ದು ಬಂದಾಗ ರೊಟ್ಟಿ ಕೊಟ್ಟರು. ಬೆಂಚಿನ ಚರಿತ್ರೆ ಇಷ್ಟೇ.

ಈಗ ನನ್ನ ಮೊಣಕಾಲೂ ಹೋಗಿವೆ. ಗಿಡ್ಡ ಬೆಂಚಿನಲ್ಲಿ ಕೂತರೆ ಏಳಲಾರೆ. ಗಂಡಸರ ಕಡೆಯ ಎತ್ತರದ ಬೆಂಚಿನ ಮೇಲೆ ಕೂರುತ್ತೇನೆ. ಯಾರೂ ಏನೂ ಅನ್ನುವುದಿಲ್ಲ. ಅನ್ನಬೇಕಾದವರೆಲ್ಲ ಗುಡಿಯ ಹಿಂದೆ, ಮಣ್ಣಿನೊಳಗೆ, ನನಗಿಂತ ಬಹಳ ಕೆಳಗೆ ಮಲಗಿದ್ದಾರೆ.